ಕಾಲೇಜಿನ ತಂಡದಲ್ಲಿ ಗೇಮ್ ಮಾಡುವುದು: ಮೊದಲ ವಾರದಿಂದ ಕೊನೆಯ ಬಿಲ್ಡ್‌ವರೆಗೆ

ಕಾಲೇಜಿನ ಗೇಮ್ ಪ್ರಾಜೆಕ್ಟ್‌ಗಳು ಕೆಡುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಒಬ್ಬರು ಪ್ಲೇಯರ್ ಓಡಾಡುವ ಕೋಡ್ ಬರೆಯುತ್ತಾರೆ, ಇನ್ನೊಬ್ಬರು ಶತ್ರುಗಳದ್ದು, ಮತ್ತೊಬ್ಬರು ಮೆನು, ನಾಲ್ಕನೆಯವರು ಚಿತ್ರಗಳು. ಮೂರು ತಿಂಗಳು ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡುತ್ತಾರೆ. ಸಬ್ಮಿಷನ್‌ಗೆ ನಾಲ್ಕು ದಿನ ಉಳಿದಾಗ ಎಲ್ಲವನ್ನೂ ಕೂಡಿಸಲು ಕೂರುತ್ತಾರೆ. ಅದು ಕೂಡುವುದಿಲ್ಲ. ಕೋಡ್ ಬರೆಯಲು ಬಾರದೆ ಕೆಟ್ಟ ಪ್ರಾಜೆಕ್ಟ್‌ಗಳು ಕಡಿಮೆ. ಕೂಡಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಂಡು ಕೆಟ್ಟವೇ ಜಾಸ್ತಿ.

ಹಾಗಾಗಿ ಇಲ್ಲಿ ಮೊದಲು ಕೂಡಿಸುವ ವ್ಯವಸ್ಥೆ, ಆಮೇಲೆ ಗೇಮ್. ಮೊದಲ ವಾರ ಮುಗಿಯುವಷ್ಟರಲ್ಲಿ ತಂಡದ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಒಂದೇ ಗೇಮ್ ಓಡಬೇಕು. ಅದರಲ್ಲಿ ಒಂದು ಚೌಕ ಆಚೀಚೆ ಸರಿಯುವುದು ಬಿಟ್ಟು ಬೇರೇನೂ ಇಲ್ಲದಿದ್ದರೂ ಪರವಾಗಿಲ್ಲ. ಲೆಕ್ಕಕ್ಕೆ ಸುಲಭವಾಗಲಿ ಎಂದು ನಾಲ್ಕು ಜನರ ತಂಡ, 14 ವಾರಗಳ ಸೆಮಿಸ್ಟರ್ ಎಂದು ಇಟ್ಟುಕೊಳ್ಳುತ್ತೇನೆ. ನಿಮ್ಮ ಅವಧಿಗೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ.

## 1. ಮೊದಲ ಸಭೆ: ಕಥೆ ಬೇಡ, ಸಮಯದ ಲೆಕ್ಕ ಬೇಕು

ಮೊದಲ ಸಲ ಸೇರಿದಾಗ ಎಲ್ಲರಿಗೂ ಗೇಮ್‌ನ ಕಥೆ ಹೇಳುವ ಉತ್ಸಾಹ ಇರುತ್ತದೆ. ಅದನ್ನು ಒಂದು ದಿನ ಮುಂದಕ್ಕೆ ಹಾಕಿ. ಮೊದಲು ಎಲ್ಲರೂ ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲರು ಎಂದು ನಿಜವಾಗಿ ಹೇಳಬೇಕು. ಬೇರೆ ವಿಷಯಗಳ ಅಸೈನ್‌ಮೆಂಟ್, ಟೆಸ್ಟ್, ಪ್ರಯಾಣ ಎಲ್ಲ ಕಳೆದು ಉಳಿಯುವ ಗಂಟೆಗಳು.

ನಾಲ್ಕು ಜನ, ವಾರಕ್ಕೆ 6 ಗಂಟೆ, ಪರೀಕ್ಷೆಯ ಎರಡು ವಾರ ಬಿಟ್ಟು 12 ವಾರ ಎಂದರೆ ಒಟ್ಟು 288 ಗಂಟೆ. ಅದರಲ್ಲಿ ಮೂರನೇ ಒಂದು ಭಾಗ ಕೂಡಿಸುವುದಕ್ಕೆ, ಬಗ್ ಸರಿಪಡಿಸುವುದಕ್ಕೆ, ಕಲಿಯುವುದಕ್ಕೆ ಹೋಗುತ್ತದೆ ಎಂದು ಈಗಲೇ ತೆಗೆದಿಡಿ. ಉಳಿದದ್ದು 192 ಗಂಟೆ. ನಿಮ್ಮ ಗೇಮ್ ಅಷ್ಟರೊಳಗೆ ಹಿಡಿಸಬೇಕು. ಈ ಅಂಕಿಯನ್ನು ಎಲ್ಲರಿಗೂ ಕಾಣುವ ಕಡೆ ಬರೆದಿಡಿ. ಮುಂದೆ ಯಾರಾದರೂ ಹೊಸ ಐಡಿಯಾ ತಂದಾಗ "ಇದಕ್ಕೆ ಎಷ್ಟು ಗಂಟೆ?" ಎಂದು ಕೇಳಲು ಅದೇ ಆಧಾರ.

ಅದೇ ಸಭೆಯಲ್ಲಿ ಇನ್ನೆರಡು ವಿಷಯ ತೀರ್ಮಾನ ಆಗಲಿ. ಅಭಿಪ್ರಾಯ ಭೇದ ಬಂದಾಗ ಕೊನೆಯ ಮಾತು ಯಾರದ್ದು? ಒಬ್ಬರು ಎರಡು ವಾರ ಕಾಣೆಯಾದರೆ ಅವರ ಕೆಲಸವನ್ನು ಏನು ಮಾಡುವುದು? ಜಗಳ ಆದಮೇಲೆ ಇವಕ್ಕೆ ಉತ್ತರ ಹುಡುಕುವುದು ಕಷ್ಟ.

## 2. ಎಂಜಿನ್ ಆಯ್ಕೆ

ಎಂಜಿನ್ ಎಂದರೆ ಗೇಮ್ ಕಟ್ಟಲು, ಓಡಿಸಲು ಬಳಸುವ ಸಾಫ್ಟ್‌ವೇರ್. ಅದರ ಆಯ್ಕೆಗೆ ವಾರಗಟ್ಟಲೆ ಚರ್ಚೆ ಬೇಡ. ತಂಡದಲ್ಲಿ ಎಲ್ಲಕ್ಕಿಂತ ದುರ್ಬಲವಾದ ಲ್ಯಾಪ್‌ಟಾಪ್ ಯಾವುದೋ ಅದರಲ್ಲಿ ಸಲೀಸಾಗಿ ಓಡುವ ಎಂಜಿನ್ ಆರಿಸಿ. 2ಡಿ ಗೇಮ್ ಆದರೆ ಗೊಡೋ ಹಗುರ. ಅದು ಓಪನ್ ಸೋರ್ಸ್, ಎಂಐಟಿ ಲೈಸೆನ್ಸ್. ಸಿ ಶಾರ್ಪ್ ಬಲ್ಲವರು ಇದ್ದರೆ ಯೂನಿಟಿ ಒಳ್ಳೆಯದು, ಕಲಿಯಲು ಪಾಠಗಳೂ ಬೇಕಾದಷ್ಟಿವೆ. ಅನ್‌ರಿಯಲ್ ಬೇಕೆಂದರೆ ಎಲ್ಲರ ಬಳಿಯೂ ಗಟ್ಟಿ ಮೆಷಿನ್ ಇರಬೇಕು. ಅದರ ಬ್ಲೂಪ್ರಿಂಟ್ (ಕೋಡ್ ಬದಲು ಚಿತ್ರರೂಪದಲ್ಲಿ ಜೋಡಿಸುವ ತರ್ಕ) ಮತ್ತು ಲೆವೆಲ್ ಫೈಲ್‌ಗಳು ಓದಲಾಗದ ಬೈನರಿ ರೂಪದಲ್ಲಿರುತ್ತವೆ. ಇಬ್ಬರು ಒಂದೇ ಫೈಲ್ ಬದಲಿಸಿದರೆ ಗಿಟ್ (ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸಿ, ಹಲವರ ಕೆಲಸ ಕೂಡಿಸುವ ಸಾಧನ) ಅವನ್ನು ಬೆಸೆಯಲಾರದು, ಒಬ್ಬರ ಕೆಲಸ ಹೋಗುತ್ತದೆ. ಮೊದಲ ತಂಡದ ಪ್ರಾಜೆಕ್ಟ್‌ಗೆ ನಾನು ಅದನ್ನು ಹೇಳುವುದಿಲ್ಲ.

ಎಂಜಿನ್ ಯಾವುದಾದರೂ ಇರಲಿ, ಎಲ್ಲರ ಬಳಿಯೂ ಕೊನೆಯ ಅಂಕಿಯವರೆಗೆ ಒಂದೇ ಆವೃತ್ತಿ ಇರಬೇಕು. ಒಬ್ಬರು ಹೊಸ ಆವೃತ್ತಿಯಲ್ಲಿ ಪ್ರಾಜೆಕ್ಟ್ ತೆರೆದು ಸೇವ್ ಮಾಡಿದರೆ ಫೈಲ್‌ಗಳು ಹೊಸ ರೂಪಕ್ಕೆ ಬದಲಾಗುತ್ತವೆ, ಉಳಿದವರಲ್ಲಿ ತೆರೆಯದೇ ಹೋಗಬಹುದು. ಸೆಮಿಸ್ಟರ್ ನಡುವೆ ಅಪ್‌ಡೇಟ್ ಬಂದರೂ ಮುಟ್ಟಬೇಡಿ.

ಗೇಮ್ ಬ್ರೌಸರ್‌ನಲ್ಲಿ ಓಡಬೇಕು ಎಂದಿದ್ದರೆ ಈಗಲೇ ಒಂದು ಖಾಲಿ ಪ್ರಾಜೆಕ್ಟ್ ಮಾಡಿ ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿ (ಎಂಜಿನ್ ಇಲ್ಲದೆ ಓಡುವ ಗೇಮ್ ಆಗಿ ಹೊರತೆಗೆದು) ನೋಡಿ. ಗೊಡೋ 4.0ರಿಂದ 4.4ರವರೆಗೆ ಸಿ ಶಾರ್ಪ್‌ನಲ್ಲಿ ಬರೆದ ಪ್ರಾಜೆಕ್ಟ್ ವೆಬ್‌ಗೆ ಎಕ್ಸ್‌ಪೋರ್ಟ್ ಆಗುವುದೇ ಇಲ್ಲ, ಗೊಡೋದ ಸ್ವಂತ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲೇ ಬರೆಯಬೇಕು. ಇಂಥದ್ದು ಹದಿಮೂರನೇ ವಾರದಲ್ಲಿ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

## 3. ರೆಪೊ: ಒಂದು ಸಾಲು ಕೋಡ್ ಬರೆಯುವ ಮೊದಲು

ರೆಪೊ ಎಂದರೆ ಗಿಟ್ ನೋಡಿಕೊಳ್ಳುವ, ತಂಡದವರೆಲ್ಲ ಹಂಚಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರ್. ಹೆಚ್ಚು ತಂಡಗಳು ಎಡವುವ ಜಾಗ ಇದು. ಗೂಗಲ್ ಡ್ರೈವ್‌ನಲ್ಲಿ ಜಿಪ್ ಹಾಕುವುದು, ಪೆನ್‌ಡ್ರೈವ್‌ನಲ್ಲಿ ಫೋಲ್ಡರ್ ಕೊಡುವುದು, "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಎಂಬ ಹೆಸರುಗಳು, ಇವೆಲ್ಲ ಒಂದು ತಿಂಗಳು ನಡೆಯುತ್ತವೆ. ಆಮೇಲೆ ಯಾವುದು ಹೊಸದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಗಿಟ್ ಕಲಿಯಲು ಎರಡು ಸಂಜೆ ಬೇಕಾಗಬಹುದು. ಕೊಡಿ.

ಕ್ರಮ ಹೀಗಿರಲಿ. ಒಬ್ಬರು ಮಾತ್ರ ಖಾಲಿ ಪ್ರಾಜೆಕ್ಟ್ ಸೃಷ್ಟಿಸಿ. ಮೊದಲ ಕಮಿಟ್‌ಗೆ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವುದಕ್ಕೆ) ಮುಂಚೆಯೇ, ಯಾವ ಫೈಲ್‌ಗಳನ್ನು ಬಿಡಬೇಕು ಎಂದು ಗಿಟ್‌ಗೆ ಹೇಳುವ ಗಿಟ್‌ಇಗ್ನೋರ್ ಫೈಲ್ ಹಾಕಿ. ಯೂನಿಟಿಯಲ್ಲಿ ಲೈಬ್ರರಿ ಮತ್ತು ಟೆಂಪ್ ಫೋಲ್ಡರ್‌ಗಳು ರೆಪೊಗೆ ಹೋಗಬಾರದು. ಅವನ್ನು ಎಂಜಿನ್ ಪ್ರತಿ ಮೆಷಿನ್‌ನಲ್ಲಿ ತಾನೇ ಕಟ್ಟಿಕೊಳ್ಳುತ್ತದೆ, ಗಾತ್ರವೂ ಗಿಗಾಬೈಟ್‌ಗಳಲ್ಲಿ ಇರುತ್ತದೆ. ಗೊಡೋ 4ರಲ್ಲಿ ಚುಕ್ಕಿಯಿಂದ ಶುರುವಾಗುವ ಗೊಡೋ ಫೋಲ್ಡರ್ ಹೋಗಬಾರದು. ರೆಪೊಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಗಿಟ್‌ಹಬ್‌ ತಾಣದಲ್ಲಿ ರೆಪೊ ಮಾಡುವಾಗಲೇ ಎರಡಕ್ಕೂ ಸಿದ್ಧ ಗಿಟ್‌ಇಗ್ನೋರ್ ಸಿಗುತ್ತದೆ.

ಇಲ್ಲಿ ಒಂದು ಸಣ್ಣ ಬಲೆ ಇದೆ. ಯೂನಿಟಿಯ ಸಿದ್ಧ ಗಿಟ್‌ಇಗ್ನೋರ್ ತಾನಿರುವ ಫೋಲ್ಡರ್‌ನ ನೇರ ಒಳಗೆ ಲೈಬ್ರರಿ ಇದೆ ಎಂದುಕೊಳ್ಳುತ್ತದೆ. ನಿಮ್ಮ ಯೂನಿಟಿ ಪ್ರಾಜೆಕ್ಟ್ ರೆಪೊದೊಳಗೆ ಇನ್ನೊಂದು ಫೋಲ್ಡರ್‌ನಲ್ಲಿ ಇದ್ದರೆ ಅದು ಕೆಲಸ ಮಾಡುವುದಿಲ್ಲ. ಆಗ ಆ ಫೈಲನ್ನು ಪ್ರಾಜೆಕ್ಟ್ ಫೋಲ್ಡರ್‌ನೊಳಗೇ ಇಡಿ. ಮೊದಲ ಕಮಿಟ್‌ನಲ್ಲಿ ಸಾವಿರಾರು ಫೈಲ್ ಕಂಡರೆ ಅಲ್ಲೇ ನಿಲ್ಲಿಸಿ, ಇದನ್ನು ಸರಿಪಡಿಸಿ, ಆಮೇಲೆ ಪುಶ್ ಮಾಡಿ (ಎಲ್ಲರೂ ಹಂಚಿಕೊಳ್ಳುವ ರೆಪೊಗೆ ಕಳಿಸಿ).

ಇನ್ನು ಮೆಟಾ ಫೈಲ್‌ಗಳು. ಯೂನಿಟಿ ಪ್ರತಿ ಚಿತ್ರ, ಸ್ಕ್ರಿಪ್ಟ್, ಧ್ವನಿಯ ಜೊತೆ ಒಂದು ಮೆಟಾ ಫೈಲ್ ಇಡುತ್ತದೆ. ಅದರೊಳಗೆ ಆ ವಸ್ತುವಿನ ಗುರುತಿನ ಸಂಖ್ಯೆ ಇದೆ. ಸೀನ್‌ಗಳು (ಲೆವೆಲ್, ಮೆನು ಮುಂತಾದವನ್ನು ಜೋಡಿಸಿಟ್ಟ ಫೈಲ್‌ಗಳು) ಚಿತ್ರವನ್ನು ನೆನಪಿಡುವುದು ಆ ಸಂಖ್ಯೆಯಿಂದ, ಹೆಸರಿನಿಂದಲ್ಲ. ಮೆಟಾ ಕಮಿಟ್ ಮಾಡದಿದ್ದರೆ ಗೆಳೆಯರ ಮೆಷಿನ್‌ನಲ್ಲಿ ಹೊಸ ಸಂಖ್ಯೆ ಹುಟ್ಟುತ್ತದೆ, ಸೀನ್‌ನಲ್ಲಿ "ಮಿಸ್ಸಿಂಗ್" ಎಂದು ಬರುತ್ತದೆ. ಇದೇ ಕಾರಣಕ್ಕೆ ಫೈಲ್ ಜರುಗಿಸುವುದು, ಹೆಸರು ಬದಲಿಸುವುದು ಎಲ್ಲ ಎಂಜಿನ್‌ನ ಒಳಗಿನಿಂದಲೇ ಆಗಬೇಕು. ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲಿ ಮಾಡಬೇಡಿ. ಗೊಡೋದಲ್ಲಿ ಇಂಪೋರ್ಟ್ ಎಂದು ಕೊನೆಯಾಗುವ ಫೈಲ್‌ಗಳನ್ನೂ ಹೀಗೇ ಕಮಿಟ್ ಮಾಡಿ.

ದೊಡ್ಡ ಫೈಲ್‌ಗಳಿಗೆ ಗಿಟ್ ಎಲ್‌ಎಫ್‌ಎಸ್ (ಅವನ್ನು ಬೇರೆಡೆ ಇಡುವ ಗಿಟ್‌ನ ಜೋಡಣೆ) ಬೇಕು. ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ಒಪ್ಪುವುದಿಲ್ಲ. ಅಂಥ ಫೈಲನ್ನು ಒಮ್ಮೆ ಕಮಿಟ್ ಮಾಡಿ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಪುಶ್ ಆಗುವುದಿಲ್ಲ, ಏಕೆಂದರೆ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ಹಾಗಾಗಿ ಎಲ್‌ಎಫ್‌ಎಸ್ ಹೊಂದಿಸುವುದು ದೊಡ್ಡ ಫೈಲ್ ಬರುವ ಮುಂಚೆ.

ಕೊನೆಗೆ, ನಾಲ್ವರೂ ರೆಪೊ ಕ್ಲೋನ್ ಮಾಡಿ (ತಮ್ಮ ಮೆಷಿನ್‌ಗೆ ಪೂರ್ತಿ ಇಳಿಸಿಕೊಂಡು), ಆ ಚೌಕವನ್ನು ಓಡಿಸಿ, ತಲಾ ಒಂದು ಸಣ್ಣ ಬದಲಾವಣೆ ಪುಶ್ ಮಾಡಿ. ಚಿತ್ರ ಬರೆಯುವವರೂ ಮಾಡಬೇಕು. "ನನಗೆ ಗಿಟ್ ಬರಲ್ಲ, ನಿನಗೆ ವಾಟ್ಸ್ಆ್ಯಪ್ ಮಾಡ್ತೀನಿ" ಎಂಬ ಮಾತನ್ನು ಮೊದಲ ವಾರವೇ ಒಪ್ಪಿಕೊಂಡರೆ ಕೊನೆಯ ವಾರ ಒಬ್ಬರೇ ಎಲ್ಲರ ಫೈಲ್ ಸೇರಿಸುತ್ತಾ ಕೂತಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ಹೆಸರು, ಇಮೇಲ್ ಗಿಟ್‌ನಲ್ಲಿ ಹಾಕಿರಬೇಕು. ಯಾರು ಏನು ಮಾಡಿದರು ಎಂಬ ಪ್ರಶ್ನೆ ಬಂದಾಗ ಸಾಕ್ಷಿ ಅದೇ.

## 4. ಒಂದೇ ಕ್ರಿಯೆಯ ಪ್ರೊಟೊಟೈಪ್: ಎರಡನೇ ಮತ್ತು ಮೂರನೇ ವಾರ

ಈಗ ಗೇಮ್‌ನ ಮಾತು, ಅಂದರೆ ಅದರ ಪ್ರೊಟೊಟೈಪ್ (ಐಡಿಯಾ ಪರೀಕ್ಷಿಸಲು ಮಾಡುವ ಕಚ್ಚಾ ಮಾದರಿ). ಆಡುವವರು ಪದೇ ಪದೇ ಮಾಡುವ ಒಂದು ಕ್ರಿಯೆ ಯಾವುದು? ಹಾರುವುದೋ, ಎಸೆಯುವುದೋ, ಅಡಗುವುದೋ, ಜೋಡಿಸುವುದೋ? ಆ ಒಂದನ್ನು ಮಾತ್ರ ಮಾಡಿ. ಚಿತ್ರಗಳ ಬದಲು ಬಣ್ಣದ ಚೌಕಗಳು ಸಾಕು. ಕಥೆ, ಮೆನು, ಸ್ಕೋರ್ ಯಾವುದೂ ಬೇಡ.

ನಾರ್ಬಾಕ್ಯುಲರ್ ಡ್ರಾಪ್ ಎಂಬ ಗೇಮನ್ನು 2005ರಲ್ಲಿ ಡಿಜಿಪೆನ್ ಕಾಲೇಜಿನ ವಿದ್ಯಾರ್ಥಿಗಳ ತಂಡ ಮಾಡಿತ್ತು. ಗೋಡೆಯ ಮೇಲೆ ಎರಡು ಬಾಗಿಲು ತೆರೆದು ಒಂದರೊಳಗೆ ಹೋಗಿ ಇನ್ನೊಂದರಿಂದ ಹೊರಬರುವುದು, ಇದೊಂದೇ ಅದರ ಮುಖ್ಯ ಕ್ರಿಯೆ. ಅದರ ರಾಜಕುಮಾರಿಗೆ ಹಾರಲು ಕೂಡ ಬರುವುದಿಲ್ಲ. ಅದೇ ತಂಡವನ್ನು ವಾಲ್ವ್ ಎಂಬ ಗೇಮ್ ಕಂಪನಿ ಕೆಲಸಕ್ಕೆ ತೆಗೆದುಕೊಂಡಿತು, ಅದೇ ಐಡಿಯಾ 2007ರಲ್ಲಿ ಪೋರ್ಟಲ್ ಎಂಬ ಗೇಮ್ ಆಯಿತು. ಹಾರುವುದನ್ನೇ ಬಿಟ್ಟುಬಿಡುವ ಧೈರ್ಯ ನಿಮಗೂ ಬೇಕು.

ಪ್ರೊಟೊಟೈಪ್‌ನಲ್ಲೇ ತಿದ್ದಿಕೊಳ್ಳಬೇಕಾದ ಒಂದು ಕೋಡ್ ತಪ್ಪು ಇದೆ: ಚಲನೆಯನ್ನು ಫ್ರೇಮ್ (ಪರದೆಯ ಮೇಲೆ ಒಂದಾದ ಮೇಲೊಂದು ಬರುವ ಚಿತ್ರ) ಲೆಕ್ಕದಲ್ಲಿ ಬರೆಯುವುದು. ಪ್ರತಿ ಫ್ರೇಮ್‌ಗೆ ಇಷ್ಟು ಪಿಕ್ಸೆಲ್ ಸರಿಯಲಿ ಎಂದು ಬರೆದರೆ, 60 ಹರ್ಟ್ಸ್ ಪರದೆಯಲ್ಲಿ ಸರಿ ಇರುವ ವೇಗ 144 ಹರ್ಟ್ಸ್ ಪರದೆಯಲ್ಲಿ 2.4 ಪಟ್ಟು ಆಗಬಹುದು. ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಇಟ್ಟು ಡೆಲ್ಟಾ ಟೈಮ್‌ನಿಂದ (ಹಿಂದಿನ ಫ್ರೇಮ್ ಆದಮೇಲೆ ಕಳೆದ ಸಮಯ) ಗುಣಿಸಿ. "ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಅವಳದ್ದರಲ್ಲಿ ಓಡಿಹೋಗ್ತದೆ" ಎಂದು ಕೇಳಿದ ಕೂಡಲೇ ನೋಡಬೇಕಾದ ಜಾಗ ಇದು.

ಕ್ರಿಯೆ ಸಪ್ಪೆ ಎನಿಸಿದರೆ ಅಂಕಿಗಳ ಜೊತೆ ಆಡಿ. ಹಾರುವ ಗೇಮ್ ಆದರೆ, ಅಂಚಿನಿಂದ ಕಾಲು ಜಾರಿದ ಮೇಲೂ ಸುಮಾರು 0.1 ಸೆಕೆಂಡ್ ಹಾರಲು ಬಿಡಿ. ಆಡುವವರಿಗೆ ಅದು ಗೊತ್ತಾಗುವುದೂ ಇಲ್ಲ, "ನಾನು ಒತ್ತಿದ್ದೆ, ಹಾರಲಿಲ್ಲ" ಎಂಬ ದೂರು ಮಾತ್ರ ನಿಂತುಹೋಗುತ್ತದೆ. ಮೂರನೇ ವಾರದ ಕೊನೆಗೂ ಚೌಕಗಳ ಆಟ ಚೂರೂ ಮಜಾ ಕೊಡದಿದ್ದರೆ ಕ್ರಿಯೆಯನ್ನೇ ಬದಲಿಸಿ. ಒಳ್ಳೆ ಚಿತ್ರ ಹಾಕಿದರೆ ಸರಿಹೋಗುತ್ತದೆ ಎಂದು ಕಾಯಬೇಡಿ, ಸರಿಹೋಗುವುದಿಲ್ಲ.

## 5. ಕತ್ತರಿ ಹಾಕುವುದು

ಒಂದು ಪುಟದ ಯೋಜನೆ ಬರೆಯಿರಿ. ಮೂರು ಪಟ್ಟಿ: ಇಲ್ಲದಿದ್ದರೆ ಗೇಮೇ ಅಲ್ಲ ಎನ್ನುವವು, ಇದ್ದರೆ ಚೆನ್ನ ಎನ್ನುವವು, ಈ ಸಲ ಮಾಡುವುದಿಲ್ಲ ಎನ್ನುವವು. ಮೂರನೇ ಪಟ್ಟಿ ಉದ್ದವಾಗಿರಲಿ.

ಲೆಕ್ಕ ಹಾಕದೆ ಒಪ್ಪಿಕೊಳ್ಳುವ ಕೆಲಸಗಳಲ್ಲಿ ಅನಿಮೇಶನ್ ಮೊದಲನೆಯದು. ಮೇಲಿನಿಂದ ಕಾಣುವ ಗೇಮ್‌ನಲ್ಲಿ ಒಂದು ಪಾತ್ರ ನಾಲ್ಕು ದಿಕ್ಕಿಗೆ ನಡೆಯಬೇಕು, ಪ್ರತಿ ದಿಕ್ಕಿಗೆ 8 ಚಿತ್ರ. ಅಲ್ಲಿಗೆ 32. ನಿಲ್ಲುವುದು, ಹೊಡೆಯುವುದು ಸೇರಿಸಿದರೆ 96. ಇಂಥ ಐದು ಪಾತ್ರ ಎಂದರೆ 480 ಚಿತ್ರಗಳು, ಒಬ್ಬರೇ ಬರೆಯುವವರು! ಅದೇ ಪಕ್ಕದಿಂದ ಕಾಣುವ ಗೇಮ್ ಆದರೆ ಒಂದು ದಿಕ್ಕು ಬರೆದರೆ ಸಾಕು, ಇನ್ನೊಂದನ್ನು ಎಂಜಿನ್ ಫ್ಲಿಪ್ ಮಾಡುತ್ತದೆ. ಹೀಗೆ ಒಂದು ತೀರ್ಮಾನದಿಂದ ತಿಂಗಳ ಕೆಲಸ ಉಳಿಯುತ್ತದೆ.

ಇಂಟರ್ನೆಟ್ ಮೂಲಕ ಹಲವರು ಆಡುವ ಗೇಮ್ ಮೊದಲ ಪ್ರಾಜೆಕ್ಟ್‌ಗೆ ಬೇಡ. ಸಂದೇಶ ತಡವಾಗಿ ಬರುವುದು, ಎರಡು ಮೆಷಿನ್‌ಗಳ ಸ್ಥಿತಿ ಬೇರೆ ಬೇರೆ ಆಗುವುದು, ಇವನ್ನು ಸಂಭಾಳಿಸುವುದೇ ಒಂದು ಪೂರ್ತಿ ವಿಷಯ. ಇಬ್ಬರು ಆಡಲೇಬೇಕು ಅಂದರೆ ಒಂದೇ ಕಂಪ್ಯೂಟರ್‌ನಲ್ಲಿ ಆಡಿಸಿ. ಒಂದೇ ಕೀಬೋರ್ಡ್ ಆದರೆ ಒಂದು ಪರೀಕ್ಷೆ ಮಾಡಿಕೊಳ್ಳಿ: ಹಲವು ಕೀಬೋರ್ಡ್‌ಗಳು ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದಾಗ ಕೆಲವನ್ನು ಗುರುತಿಸುವುದೇ ಇಲ್ಲ.

## 6. ಕೆಲಸ ಹಂಚುವುದು

"ನೀನು ಕೋಡ್, ನಾನು ಆರ್ಟ್" ಎಂದು ಪದರ ಪದರವಾಗಿ ಹಂಚಿದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಾರೆ. ಆಡುವವರಿಗೆ ಕಾಣುವ ತುಂಡುಗಳಾಗಿ ಹಂಚಿ. "ಬಾಗಿಲು ತೆರೆಯುವುದು" ಎಂಬುದು ಒಂದು ತುಂಡು. ಅದರಲ್ಲಿ ಕೋಡ್, ಚಿತ್ರ, ಶಬ್ದ, ಲೆವೆಲ್‌ನಲ್ಲಿ ಇಡುವುದು ಎಲ್ಲ ಸೇರಿದೆ. ಅದನ್ನು ಮುಟ್ಟುವವರು ಹಲವರಿರಬಹುದು, ಆದರೆ ಮುಗಿಸುವ ಹೊಣೆ ಒಬ್ಬರದ್ದು.

ಒಂದು ಟಾಸ್ಕ್ ಮೂರು ನಾಲ್ಕು ಗಂಟೆಗಿಂತ ದೊಡ್ಡದಿರಬಾರದು. "ಶತ್ರುವಿನ ಎಐ" ಎಂದು ಬರೆದರೆ ಅದು ತಿಂಗಳಾದರೂ ಮುಗಿಯುವುದಿಲ್ಲ. "ಶತ್ರು ಎರಡು ಬಿಂದುಗಳ ನಡುವೆ ಓಡಾಡಬೇಕು" ಎಂದು ಬರೆದರೆ ಇವತ್ತೇ ಮುಗಿಯುತ್ತದೆ, ಮುಗಿದಿದೆಯೋ ಇಲ್ಲವೋ ಎಂಬುದೂ ನೋಡಿದರೆ ಗೊತ್ತಾಗುತ್ತದೆ. ಟಾಸ್ಕ್ ಬರೆದಿಡಲು ಟ್ರೆಲ್ಲೋ ಎಂಬ ಆನ್‌ಲೈನ್ ಪಟ್ಟಿ ಆದೀತು, ಗೋಡೆಯ ಮೇಲಿನ ಕಾಗದವೂ ಆದೀತು.

ಸೀನ್‌ಗಳ ವಿಷಯದಲ್ಲಿ ಗಟ್ಟಿ ನಿಯಮ ಬೇಕು: ಒಂದು ಹೊತ್ತಿಗೆ ಒಂದು ಸೀನ್ ಒಬ್ಬರ ಕೈಯಲ್ಲಿ. ಯೂನಿಟಿ, ಗೊಡೋ ಎರಡರಲ್ಲೂ ಸೀನ್ ಫೈಲ್ ಅಕ್ಷರ ರೂಪದಲ್ಲೇ ಇರುತ್ತದೆ ನಿಜ. ಆದರೂ ಇಬ್ಬರು ಬದಲಿಸಿದ ಸೀನನ್ನು ಕೈಯಿಂದ ಮರ್ಜ್ ಮಾಡಲು (ಒಂದಾಗಿ ಬೆಸೆಯಲು) ಹೋದರೆ ಸಾಮಾನ್ಯವಾಗಿ ಸೀನ್ ಹಾಳಾಗುತ್ತದೆ. ಉಪಾಯ ಏನೆಂದರೆ, ದೊಡ್ಡ ಸೀನನ್ನು ಒಡೆಯುವುದು. ಪ್ಲೇಯರ್, ಶತ್ರು, ಬಾಗಿಲು ಪ್ರತಿಯೊಂದೂ ಬೇರೆ ಪ್ರಿಫ್ಯಾಬ್ (ಯೂನಿಟಿಯಲ್ಲಿ ಮತ್ತೆ ಮತ್ತೆ ಬಳಸಬಹುದಾದ ಸಿದ್ಧ ವಸ್ತು) ಅಥವಾ ಬೇರೆ ಸಣ್ಣ ಸೀನ್ ಆಗಿರಲಿ. ಪ್ರತಿಯೊಬ್ಬರಿಗೂ ಒಂದು ಪ್ರಯೋಗದ ಸೀನ್ ಇರಲಿ, ತಮ್ಮ ತುಂಡನ್ನು ಅಲ್ಲಿ ಪರೀಕ್ಷಿಸಲಿ. ಮುಖ್ಯ ಲೆವೆಲ್ ತೆರೆಯುವ ಮುಂಚೆ ಗ್ರೂಪ್‌ನಲ್ಲಿ "ಲೆವೆಲ್ 1 ನನ್ನ ಬಳಿ ಇದೆ" ಎಂದು ಒಂದು ಮಾತು, ಮುಗಿದಾಗ "ಬಿಟ್ಟೆ" ಎಂದು ಇನ್ನೊಂದು. ಸುಮ್ನೆ ಎರಡು ಸಾಲಿನ ಶಿಸ್ತು, ರಾತ್ರಿಯಿಡೀ ಕೂರುವುದು ತಪ್ಪುತ್ತದೆ.

## 7. ವಾರದ ಬಿಲ್ಡ್

ನಾಲ್ಕನೇ ವಾರದಿಂದ ಹನ್ನೊಂದನೇ ವಾರದವರೆಗೆ ಒಂದೇ ಲಯ. ಕೆಲಸ ಶುರು ಮಾಡುವಾಗ ಪುಲ್ (ಬೇರೆಯವರ ಹೊಸ ಬದಲಾವಣೆ ಇಳಿಸಿಕೊಳ್ಳುವುದು). ಒಂದು ಸಣ್ಣ ಕೆಲಸ ಮುಗಿದಾಗ ಕಮಿಟ್. ಏಳುವ ಮುಂಚೆ ಪುಶ್. ಬ್ರಾಂಚ್ (ಮುಖ್ಯ ಕೋಡ್‌ನಿಂದ ಕವಲೊಡೆದ ನಿಮ್ಮ ಪ್ರತ್ಯೇಕ ಪ್ರತಿ) ಮಾಡಿದರೆ ಎರಡು ಮೂರು ದಿನದೊಳಗೆ ಮರ್ಜ್ ಮಾಡಿ, ಮೂರು ವಾರ ಬಾಳಿದ ಬ್ರಾಂಚ್ ಬೇರೆಯದೇ ಗೇಮ್ ಆಗಿಬಿಟ್ಟಿರುತ್ತದೆ.

ವಾರಕ್ಕೊಂದು ನಿಗದಿತ ದಿನ ಬಿಲ್ಡ್ ತೆಗೆಯಿರಿ. ಎಂಜಿನ್‌ನಲ್ಲಿ ಪ್ಲೇ ಒತ್ತಿ ಆಡುವುದು ಬಿಲ್ಡ್ ಅಲ್ಲ. ಎಕ್ಸ್‌ಪೋರ್ಟ್ ಮಾಡಿ, ಎಂಜಿನ್ ಇಲ್ಲದ ಮೆಷಿನ್‌ನಲ್ಲಿ ಓಡಿಸಿ. ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರದ ತಪ್ಪು ವಿಂಡೋಸ್‌ನಲ್ಲಿ ಕಾಣುವುದೇ ಇಲ್ಲ, ಎಕ್ಸ್‌ಪೋರ್ಟ್ ಮಾಡಿದ ಗೇಮ್‌ನಲ್ಲಿ ಅಥವಾ ಲಿನಕ್ಸ್‌ನಲ್ಲಿ ಚಿತ್ರ ಮಾಯವಾಗುತ್ತದೆ. ಇಂಥ ಬಗ್‌ಗಳು ಸಿಗುವುದು ಬಿಲ್ಡ್‌ನಲ್ಲಿ ಮಾತ್ರ. ಬಿಲ್ಡ್ ತೆಗೆಯುವ ಸರದಿ ನಾಲ್ವರಿಗೂ ಬರಲಿ, ಒಬ್ಬರಿಗೇ ಗೊತ್ತಿರುವ ವಿದ್ಯೆ ಆಗಬಾರದು.

ಈ ಅವಧಿಯಲ್ಲಿ ಎಚ್ಚರ ಇರಬೇಕಾದ ಲಕ್ಷಣಗಳು ಕೆಲವು. ಎರಡು ವಾರ ಸತತವಾಗಿ "ನೂರಕ್ಕೆ 90 ಭಾಗ ಮುಗಿದಿದೆ" ಎಂದು ಕೇಳುತ್ತಿದ್ದರೆ ಆ ಕೆಲಸ ಸಿಕ್ಕಿಹಾಕಿಕೊಂಡಿದೆ, ಇಬ್ಬರು ಕೂತು ನೋಡಿ. ಒಬ್ಬರಿಂದ ಎರಡು ವಾರ ಪುಶ್ ಬಂದಿಲ್ಲ ಎಂದರೆ ಗ್ರೂಪ್‌ನಲ್ಲಿ ಕೇಳಬೇಡಿ, ನೇರವಾಗಿ ಮಾತಾಡಿ. ಎಷ್ಟೋ ಸಲ ಅವರು ಸೋಮಾರಿಗಳಲ್ಲ, ಎಲ್ಲೋ ಸಿಕ್ಕಿಕೊಂಡು ಹೇಳಲು ಹಿಂಜರಿದಿರುತ್ತಾರೆ. ಸಣ್ಣ ಟಾಸ್ಕ್ ಕೊಟ್ಟು, ಜೊತೆಗೆ ಕೂತು, ಒಳಗೆ ಕರೆತನ್ನಿ. ಆದರೂ ಬರದಿದ್ದರೆ ಮೊದಲ ಸಭೆಯ ಒಪ್ಪಂದದಂತೆ ಕೆಲಸ ಕೈ ಬದಲಾಗಲಿ, ಮೇಷ್ಟ್ರಿಗೂ ಆಗಲೇ ತಿಳಿಸಿ. ಕೊನೆಯ ವಾರ ದೂರು ಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ.

## 8. ಚಿತ್ರ, ಶಬ್ದ, ಲೈಸೆನ್ಸ್

3ಡಿಗೆ ಬ್ಲೆಂಡರ್, 2ಡಿಗೆ ಕ್ರಿಟಾ, ಶಬ್ದಕ್ಕೆ ಆಡಾಸಿಟಿ. ಮೂರೂ ಉಚಿತ. ಚಿತ್ರ ಬರೆಯುವವರು ಇಲ್ಲದಿದ್ದರೆ ಕೆನ್ನಿ ಎಂಬ ತಾಣದ ಅಸೆಟ್‌ಗಳು (ಸಿದ್ಧ ಚಿತ್ರ, ಶಬ್ದಗಳು) ಸಿಸಿ0 ಲೈಸೆನ್ಸ್‌ನಲ್ಲಿ ಸಿಗುತ್ತವೆ, ಹೇಗೆ ಬೇಕಾದರೂ ಬಳಸಬಹುದು. ಲೈಸೆನ್ಸ್ ಸಿಸಿ ಬೈ ಎಂದಿದ್ದರೆ ಮಾಡಿದವರ ಹೆಸರು ಹಾಕಲೇಬೇಕು. ಶಬ್ದಗಳು ಸಿಗುವ ಫ್ರೀಸೌಂಡ್‌ ತಾಣದಲ್ಲಿ ಪ್ರತಿ ಶಬ್ದಕ್ಕೂ ಬೇರೆ ಬೇರೆ ಲೈಸೆನ್ಸ್, ಒಂದೊಂದನ್ನೂ ನೋಡಿ. ಇಮೇಜ್ ಸರ್ಚ್‌ನಲ್ಲಿ ಸಿಕ್ಕ ಚಿತ್ರ ಉಚಿತವಲ್ಲ. ಏನೇ ತಂದರೂ ಅದೇ ದಿನ ಒಂದು ಕ್ರೆಡಿಟ್ಸ್ ಫೈಲ್‌ನಲ್ಲಿ ಬರೆದಿಡಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

## 9. ಬೇರೆಯವರ ಕೈಗೆ ಕೊಡುವುದು

ಆರನೇ ವಾರದಿಂದ ತಂಡದ ಹೊರಗಿನವರಿಗೆ ಆಡಲು ಕೊಡಿ. ಒಂದು ಸಲಕ್ಕೆ ನಾಲ್ಕೈದು ಜನ ಸಾಕು. ಕಷ್ಟದ ಭಾಗ ಒಂದೇ: ನೀವು ಬಾಯಿ ಬಿಡಬಾರದು. "ಅಲ್ಲಿ ಸ್ಪೇಸ್ ಒತ್ತು" ಎಂದು ಹೇಳಿದ ಕ್ಷಣಕ್ಕೆ ಆ ಪರೀಕ್ಷೆ ಮುಗಿಯಿತು. ನಾಳೆ ಗೇಮ್ ಡೌನ್‌ಲೋಡ್ ಮಾಡಿಕೊಂಡವರ ಪಕ್ಕದಲ್ಲಿ ನೀವು ಕೂತಿರುವುದಿಲ್ಲ, ಅಲ್ವಾ?

ಎಲ್ಲಿ ನಿಂತರು, ಎಷ್ಟು ಸಲ ಒಂದೇ ಕಡೆ ಸತ್ತರು, ಯಾವಾಗ ಫೋನ್ ನೋಡಿದರು ಎಂದು ಬರೆದುಕೊಳ್ಳಿ. ಮುಗಿದ ಮೇಲೆ "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಗೆಳೆಯರು ಹೌದು ಎಂದೇ ಹೇಳುತ್ತಾರೆ. "ಇಲ್ಲಿ ಏನು ಮಾಡಬೇಕು ಅಂದುಕೊಂಡೆ?" ಎಂದು ಕೇಳಿ. ಐವರಲ್ಲಿ ಮೂವರು ಒಂದೇ ಜಾಗದಲ್ಲಿ ಸಿಕ್ಕಿಬಿದ್ದರೆ ತಪ್ಪು ಗೇಮ್‌ನದ್ದು. ಪರಿಹಾರ ಮಾತ್ರ ಅವರಿಂದ ಕೇಳಬೇಡಿ. ಆಡುವವರು ತೊಂದರೆಯನ್ನು ಸರಿಯಾಗಿ ತೋರಿಸುತ್ತಾರೆ, ಮದ್ದು ಹುಡುಕುವುದು ನಿಮ್ಮ ಕೆಲಸ. "ಜೀವ ಜಾಸ್ತಿ ಕೊಡಿ" ಎಂದವರಿಗೆ ನಿಜವಾಗಿ ಬೇಕಾಗಿದ್ದದ್ದು ಶತ್ರು ಹೊಡೆಯುವ ಮುಂಚೆ ಒಂದು ಸೂಚನೆ ಆಗಿರಬಹುದು.

ನಿಮಗೆ ಗೇಮ್ ಸುಲಭ ಎನಿಸಿದರೆ ಅದು ಹೊಸಬರಿಗೆ ಕಷ್ಟ ಎಂದೇ ತಿಳಿಯಿರಿ. ಮೂರು ತಿಂಗಳು ದಿನಾ ಆಡಿದವರು ನೀವು.

## 10. ಕೊನೆಯ ಎರಡು ವಾರ

ಹನ್ನೆರಡನೇ ವಾರದ ಕೊನೆಗೆ ಬೀಗ ಹಾಕಿ. ಆಮೇಲೆ ಹೊಸ ಫೀಚರ್ ಇಲ್ಲ, ಬಗ್ ಸರಿಪಡಿಸುವುದು ಮಾತ್ರ. ಅರ್ಧ ಆಗಿರುವ ಫೀಚರ್ ಇದ್ದರೆ ತೆಗೆದುಹಾಕಿ. ಮನಸ್ಸಿಗೆ ನೋವಾಗುತ್ತದೆ, ಆದರೂ ತೆಗೆಯಿರಿ. ಐದು ಅರೆಬರೆ ಲೆವೆಲ್‌ಗಳಿಗಿಂತ ಪೂರ್ತಿಯಾದ ಎರಡು ಲೆವೆಲ್ ಒಳ್ಳೆಯದು. ಶುರು, ಸೋಲು, ಗೆಲುವು, ಮತ್ತೆ ಆಡುವುದು, ಹೊರಗೆ ಹೋಗುವುದು, ಈ ಐದೂ ದಾರಿ ಸರಿಯಾಗಿ ನಡೆಯಬೇಕು. ಎರಡನೇ ಸಲ ಆಡುವಾಗ ಹಳೆಯ ಸ್ಕೋರ್ ಹಾಗೇ ಉಳಿಯುವುದು ತುಂಬಾ ಸಾಮಾನ್ಯ ಬಗ್. ಎರಡು ಸಲ ಸತತವಾಗಿ ಆಡಿ ನೋಡಿ.

ಕಳಿಸುವಾಗಿನ ತಪ್ಪುಗಳು ಇವು. ಯೂನಿಟಿಯ ವಿಂಡೋಸ್ ಬಿಲ್ಡ್‌ನಲ್ಲಿ ಇಎಕ್ಸ್‌ಇ ಫೈಲ್ ಒಂದನ್ನೇ ಕಳಿಸಿದರೆ ಓಡುವುದಿಲ್ಲ, ಅದರ ಜೊತೆಗಿನ ಡೇಟಾ ಫೋಲ್ಡರ್ ಸೇರಿ ಇಡೀ ಫೋಲ್ಡರನ್ನು ಜಿಪ್ ಮಾಡಬೇಕು. ಗೊಡೋದಲ್ಲಿ ಪಿಸಿಕೆ ಫೈಲ್ (ಗೇಮ್‌ನ ಡೇಟಾ ಇರುವ ಫೈಲ್) ಬೇರೆಯಾಗಿ ಬಂದಿದ್ದರೆ ಅದೂ ಜೊತೆಗಿರಬೇಕು. ಗೇಮ್‌ಗಳನ್ನು ಹಂಚುವ ತಾಣವಾದ ಇಚ್‌ ಡಾಟ್ ಐಒಗೆ ವೆಬ್ ಗೇಮ್ ಹಾಕುವಾಗ ಇಂಡೆಕ್ಸ್ ಎಚ್‌ಟಿಎಂಎಲ್ ಫೈಲ್ ಜಿಪ್‌ನ ಮೊದಲ ಹಂತದಲ್ಲೇ ಇರಲಿ. ಕಳಿಸಿದ್ದನ್ನು ನೀವೇ ಇನ್ನೊಂದು ಮೆಷಿನ್‌ನಲ್ಲಿ ಡೌನ್‌ಲೋಡ್ ಮಾಡಿ ಓಡಿಸಿ ನೋಡಿ.

ಡೆಮೊ ದಿನಕ್ಕೆ ಎರಡು ನಿಮಿಷದ ಆಟದ ವಿಡಿಯೊ ಇಟ್ಟುಕೊಳ್ಳಿ. ಪ್ರೊಜೆಕ್ಟರ್ ಇರುವ ಮೆಷಿನ್‌ನಲ್ಲಿ ಗೇಮ್ ಓಡದಿದ್ದರೆ ಅದು ಕೈ ಹಿಡಿಯುತ್ತದೆ. ಕೊನೆಯ ಬಿಲ್ಡ್‌ಗೆ ಗಿಟ್‌ನಲ್ಲಿ ಟ್ಯಾಗ್ (ಆ ಹಂತವನ್ನು ಗುರುತಿಸುವ ಹೆಸರು) ಹಾಕಿ, ರೆಪೊವನ್ನು ನಾಲ್ವರೂ ತಮ್ಮಲ್ಲಿ ಉಳಿಸಿಕೊಳ್ಳಿ. ಅದೇ ವಾರ, ಎಲ್ಲ ನೆನಪಿರುವಾಗಲೇ, ಪ್ರತಿಯೊಬ್ಬರೂ ತಾವು ಮಾಡಿದ ಭಾಗಗಳನ್ನು ಅರ್ಧ ಪುಟ ಬರೆದಿಡಿ: ಯಾವ ತುಂಡು, ಎಲ್ಲಿ ಸಿಕ್ಕಿಕೊಂಡಿರಿ, ಹೇಗೆ ಬಿಡಿಸಿಕೊಂಡಿರಿ. ಕೆಲಸದ ಸಂದರ್ಶನದಲ್ಲಿ "ಈ ಗೇಮ್‌ನಲ್ಲಿ ನಿಮ್ಮದು ಯಾವುದು?" ಎಂದು ಕೇಳಿದಾಗ ಆ ಅರ್ಧ ಪುಟ ಮತ್ತು ನಿಮ್ಮ ಹೆಸರಿನ ಕಮಿಟ್‌ಗಳು ಬೇಕಾಗುತ್ತವೆ.